ಕಾರ್ಡಿಗೊಂದು ಟಿಕಳಿ

ಒಂದು ಮನೆತನದಲ್ಲಿ ಮೊಟ್ಟಮೊದಲು ಡಿಗ್ರಿ ಮಾಡಿದವನಿಗೆ ‘ನನಗೆ ಗೊತ್ತಿಲ್ಲ’ ಎನ್ನುವ ಹಕ್ಕು ಇರುವುದಿಲ್ಲ. ಎರಡನೆಯವನಿಗೆ ಇರುತ್ತದೆ, ಮೂರನೆಯವನಿಗಂತೂ ಧಾರಾಳವಾಗಿ ಇರುತ್ತದೆ. ಮೊದಲಿನವನಿಗೆ ಮಾತ್ರ ಇಲ್ಲ. ನಾನು ಕನ್ನಡದಲ್ಲಿ ಎಂ.ಎ. ಮಾಡಿದವನು. ಕಂದಪದ್ಯಕ್ಕೆ ಗಣ ಹಾಕಿ ಅಂದರೆ ಹಾಕುತ್ತೇನೆ. ಆದರೆ ಭೂಸನೂರಿನ ಹತ್ತಿರದ ನಮ್ಮ ಊರಲ್ಲಿ ಇದುವರೆಗೆ ಕಂದಪದ್ಯ ಹಿಡಿದುಕೊಂಡು ನನ್ನ ಬಳಿಗೆ ಯಾರೂ ಬಂದಿಲ್ಲ. ಬೋರಿನ ಮೋಟರು ಯಾಕೆ ಗುರ್ ಎನ್ನುತ್ತಿದೆ, ಡಾಕ್ಟರು ಬರೆದ ಚೀಟಿಯಲ್ಲಿ ಏನಿದೆ, ಎಮ್ಮೆ ಯಾಕೆ ಮೇವು ಬಿಟ್ಟಿದೆ, ಇಂಥವನ್ನೇ ಕೇಳುತ್ತಾರೆ. “ಅವ ಎಂ.ಎ. ಆಗ್ಯಾನ, ಅವಗ ಕೇಳ್ರಿ” ಎಂದು ಹಿರಿಯರು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು. ಮೇವು ಬಿಟ್ಟ ಎಮ್ಮೆಯ ಬಾಯಿಯನ್ನು ನಾನು ಒಂದು ಸಲ ನಾಲ್ಕು ಜನರ ಎದುರಿಗೆ ತೆರೆಸಿ, ಒಳಗೆ ಗಂಭೀರವಾಗಿ ನೋಡಿ, “ಹ್ಞೂಂ” ಎಂದು ತಲೆಯಾಡಿಸಿದ್ದೆ. ಮರುದಿನ ಎಮ್ಮೆ ತನ್ನಷ್ಟಕ್ಕೆ ತಾನೇ ಮೇವು ತಿಂದಿತು. ನನ್ನ ಹೆಸರು ಮೂರು ಊರಿಗೆ ಹಬ್ಬಿತು.

ಈ ಹೆಸರನ್ನು ಹೊತ್ತುಕೊಂಡು ನಾನೀಗ ಜೇವರ್ಗಿಯಲ್ಲಿದ್ದೇನೆ. ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಂದೂವರೆ ಕೋಣೆ. ಬಾಗಿಲಿಗೆ ಒಂದು ಫಲಕ ಹಾಕಿಸಿದ್ದೇನೆ. ಅದರಲ್ಲಿ ನನ್ನ ಹೆಸರಿಗಿಂತ ಡಿಗ್ರಿಯ ಅಕ್ಷರಗಳೇ ದೊಡ್ಡವು. ಬರೆದ ಪೇಂಟರು “ಇಷ್ಟು ಮ್ಯಾಲ ಹತ್ತಿ ಬಂದು ಯಾರು ಓದ್ತಾರ್ರಿ ಸರ?” ಎಂದು ಕೇಳಿದ್ದ. ಅವನು ಕೇಳಿದ್ದು ಖರೆಯೇ. ಹತ್ತಿ ಬರುವವಳು ತಿಂಗಳಿಗೊಮ್ಮೆ ಮೀಟರು ನೋಡುವವಳು, ಅವಳೂ ಮೀಟರನ್ನಷ್ಟೇ ಓದುತ್ತಾಳೆ. ಮದುವೆಯ ವಿಷಯ ಕೇಳಬೇಡಿ. ನಾನು ಓದಿ, ನೌಕರಿಗೆ ಅಲೆದು, ನೌಕರಿ ಹಿಡಿದು, ಅದು ಕಾಯಂ ಆಗುವ ಹೊತ್ತಿಗೆ ನನಗೆಂದು ನೋಡಿದ ಹೆಣ್ಣುಗಳೆಲ್ಲ ಎರಡೆರಡು ಮಕ್ಕಳ ತಾಯಂದಿರಾಗಿದ್ದರು. ಆಮೇಲೆ ನೋಡಿದ ಕಡೆಗಳಲ್ಲಿ “ಹುಡುಗ ಛಲೋ ಅದಾನ, ಆದ್ರ ಹುಡುಗ ಅನ್ನಾಕ ಬರಂಗಿಲ್ಲ” ಎಂದರು. ಈಗ ನಲವತ್ನಾಲ್ಕು. ಒಬ್ಬನಿಗೆ ಅನ್ನ ಮಾಡುವುದು ಎಷ್ಟು ಕಷ್ಟವೆಂದು ಸಂಸಾರಸ್ಥರಿಗೆ ತಿಳಿಯುವುದಿಲ್ಲ. ಕುಕ್ಕರಿನ ತಳದಲ್ಲಿ ಒಂದು ಹಿಡಿ ಅಕ್ಕಿ, ಅದರ ಮೇಲೆ ಆರಡಿ ಉದ್ದದ ಭಾನುವಾರ. ಸೀಟಿ ಹೊಡೆದಾಗ ಯಾರೋ ಕರೆದಂತಾಗಿ ಎದ್ದು ಹೋಗುತ್ತೇನೆ.

ನನಗೆ ಇರುವವಳು ಅಕ್ಕ, ಸಿದ್ದಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ಅಫಜಲಪುರದಲ್ಲಿ ನಮ್ಮ ಮಾವ, ಅಂದರೆ ಅವಳ ಗಂಡ, ಒಂದು ಖಾನಾವಳಿ ಇಟ್ಟಿದ್ದಾರೆ; ಅಲ್ಲಿ ಅಕ್ಕ ಬೆಳಗಿನಿಂದ ರೊಟ್ಟಿ ಬಡಿಯುತ್ತಾಳೆ. ಅವಳು ನಾಲ್ಕನೆಯತ್ತೆ, ಅಂದರೆ ನಾಲ್ಕನೆಯ ತರಗತಿ, ಪಾಸಾಗಿ ಐದನೆಯತ್ತೆಗೆ ಹೋದ ಹನ್ನೊಂದನೆಯ ದಿನ ಶಾಲೆ ಬಿಟ್ಟಳು. ಕಾರಣ ನಾನೇ. ಅವ್ವ ಕಳೆ ತೆಗೆಯಲು ಹೋಗಬೇಕಿತ್ತು, ನಾನು ಒಂದೇ ಸಮನೆ ಅಳುವ ಕೂಸು, ಎತ್ತಿಕೊಳ್ಳಲು ಒಂದು ಸೊಂಟ ಬೇಕಾಗಿತ್ತು. “ಹೆಣ್ಣುಮಗಳಿಗೆ ಓದಾಕ ಬಂದ್ರ ಸಾಕು, ಬರದು ಯಾರಿಗೆ ಕಳಸೂದದ?” ಎಂದರಂತೆ ಅಪ್ಪ. ಐದನೆಯತ್ತೆಯ ಪುಸ್ತಕಕ್ಕೆ ಅವಳು ಆಗಲೇ ಕಾಗದದ ರಟ್ಟು ಹಾಕಿದ್ದಳಂತೆ. ಇದ್ಯಾವುದನ್ನೂ ಅವಳು ನನಗೆ ಯಾವತ್ತೂ ಹೇಳಿಲ್ಲ; ಅವ್ವ ಸಾಯುವ ಮುಂಚೆ ಹೇಳಿದ್ದು. ಫಲಕದ ಮೇಲಿನ ನನ್ನ ದೊಡ್ಡ ಅಕ್ಷರಗಳಲ್ಲಿ ಎಷ್ಟು ಅವಳವು ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಹೋದರೆ ಹೆಸರಷ್ಟೇ ಉಳಿದೀತು ಎಂಬ ಹೆದರಿಕೆ.

ಹೋದ ಬೇಸಿಗೆ ಮುಗಿಯುವಾಗ ಅಫಜಲಪುರಕ್ಕೆ ಹೋಗಿದ್ದೆ. ಅಕ್ಕ ಹಂಚಿನ ಮುಂದೆ ಕೂತಿದ್ದಳು. ಅವಳ ತಲೆಯ ಮೇಲಿನ ಮಾಡದಲ್ಲಿ ಹಾಡು ಹೇಳುವ ಒಂದು ಸ್ಪೀಕರ್ ಡಬ್ಬಿ ಇದೆ, ಉಗುರಿನಷ್ಟು ಮೆಮೊರಿ ಕಾರ್ಡು ಹಾಕುವಂಥದ್ದು. ಅದನ್ನು ಬಂದ್ ಮಾಡಿ, ಮುಖವನ್ನು ಹಂಚಿನ ಕಡೆಗೇ ಇಟ್ಟುಕೊಂಡು, “ತಮ್ಮಾ, ಒಂದು ಕೆಲಸ ಹೇಳ್ತೇನಿ. ನಗಬ್ಯಾಡ” ಎಂದಳು.

“ಹೇಳು.”

“ಐದನೆತ್ತೆ ಕನ್ನಡ ಪುಸ್ತಕ ಇರ್ತದಲ್ಲ, ಅದನ್ನ ನಿನ್ನ ಬಾಯಿಲೆ ಓದಿ ಈ ಡಬ್ಬಿಗೆ ತುಂಬಿಕೊಡು. ರೊಟ್ಟಿ ಬಡಿಯೂಮುಂದ ಕೇಳ್ತೇನಿ. ಮಧ್ಯಾಹ್ನ ಪುಸ್ತಕ ಹಿಡದು, ಡಬ್ಬಿ ಹಚ್ಚಿ, ಸಾಲಿಗಿ ಬೊಟ್ಟಿಟ್ಟು ಓದ್ತೇನಿ. ಒತ್ತಕ್ಷರ ಬಂತಂದ್ರ ನಿಂತಬಿಡ್ತೇನಿ ನೋಡು, ಮುಂದ ದಾರೀನ ಕಾಣಂಗಿಲ್ಲ.”

ನಾನು ನಗಲಿಲ್ಲ. ಬಾಯಲ್ಲಿ ರೊಟ್ಟಿ ಇತ್ತು.

“ಶ್ರಾವಣದ ಮೊದಲನೇ ಸೋಮವಾರ ಸುರು ಮಾಡ್ಬೇಕಂತೇನಿ” ಎಂದಳು. “ಅವತ್ತಿಗೆ ಆಗ್ಲಿಲ್ಲಂದ್ರ ಬಿಟ್ಟಬಿಡು ಯಪ್ಪಾ. ಐವತ್ತು ದಾಟ್ಯಾವ. ಇದನ್ನ ಕೇಳಾಕ ಒಂದು ವರ್ಷ ಹಿಡದದ ನನಗ. ಮತ್ತೊಂದು ಸರತಿ ನಾಚಿಕಿ ಬಿಡಾಕ ಆಗಂಗಿಲ್ಲ.”

ನಲವತ್ನಾಲ್ಕು ವರ್ಷದಲ್ಲಿ ಅಕ್ಕ ತನಗಾಗಿ ನನಗೆ ಹೇಳಿದ ಮೊದಲ ಕೆಲಸ ಅದು. ಎಮ್ಮೆಯ ಬಾಯಿ ನೋಡಿ ತಲೆಯಾಡಿಸಿದಂತೆ ಇಲ್ಲಿ ತಲೆಯಾಡಿಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಪುಸ್ತಕದ ಎರಡು ಪ್ರತಿ ಹೊಂದಿಸಿದೆ. ಒಂದನ್ನು ಅವಳಿಗೆ ಕಳಿಸಿದೆ, ಒಂದನ್ನು ನಾನು ಇಟ್ಟುಕೊಂಡೆ. ಸಂಜೆ ಕಾಲೇಜಿನಿಂದ ಬಂದು ಲ್ಯಾಪ್‌ಟಾಪಿನ ಮುಂದೆ ಕೂತು ಓದತೊಡಗಿದೆ. ಮೊದಲ ದಿನ ದನಿಯೇ ಹೊರಡಲಿಲ್ಲ. ಬಹಳ ದಿನ ಬಳಸದ ನಳದ ಹಾಗೆ ಮೊದಲು ಬರೀ ಗಾಳಿ, ಆಮೇಲೆ ತುಕ್ಕಿನ ನೀರು, ಎಷ್ಟೋ ಹೊತ್ತಿನ ಮೇಲೆ ಮಾತು. ಮನೆಯಲ್ಲಿ ಒಂದು ತಾಸು ಬಾಯಿ ಬಿಟ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ ನೆನಪಾಗಲಿಲ್ಲ. ಮೂರನೆಯ ದಿನಕ್ಕೆ ರುಚಿ ಹತ್ತಿತು. ಕಥೆಯಲ್ಲಿ ಮುದುಕಿ ಬಂದರೆ ಮುದುಕಿಯ ದನಿ, ನರಿ ಬಂದರೆ ನರಿಯ ದನಿ. ಕೆಳಗಿನ ಮನೆಯ ಒಡತಿ ಕಾಶಿಬಾಯಿ ಮೆಟ್ಟಿಲ ಬುಡದಲ್ಲಿ ನಿಂತು, “ಸರ, ಊರಿಂದ ಯಾರರ ಬಂದಾರೇನ್ರಿ? ಮಾತು ಕೇಳಾಕತ್ತಾವ” ಎಂದು ಕೇಳಿದರು. “ಯಾರೂ ಇಲ್ರಿ” ಎಂದೆ. ಅವರು ಮೇಲಕ್ಕೆ ನೋಡಿದ ರೀತಿಯಲ್ಲಿ ಅನುಮಾನವಿತ್ತು. ಆಗ ನನಗೆ ತಿಳಿಯಲಿಲ್ಲ.

ಶ್ರಾವಣ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ, ಅಫಜಲಪುರದ ಬಸ್ಸಿನ ಪರಿಚಯದ ಕಂಡಕ್ಟರು ಅಕ್ಕ ಕೊಟ್ಟ ಕಾರ್ಡನ್ನು ತಂದುಕೊಟ್ಟರು. ನಮ್ಮ ಕಡೆಯ ಹೆಣ್ಣುಮಕ್ಕಳು ಬೆಲೆಯುಳ್ಳ ಯಾವ ವಸ್ತುವನ್ನೂ ಹಾಗೇ ಕೊಡುವುದಿಲ್ಲ. ಬಟ್ಟೆಯಲ್ಲಿಟ್ಟು ಗಂಟು ಹಾಕಿ ಕೊಡುತ್ತಾರೆ. ಅಕ್ಕನೂ ಹಳೆಯ ಸೀರೆಯ ಚೂರಿನಲ್ಲಿ ಕಾರ್ಡನ್ನಿಟ್ಟು ಗಂಟು ಬಿಗಿದಿದ್ದಳು. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ ಬಿಗಿದ ಗಂಟು ಅದು. ಉಗುರಿಗೆ ಬಗ್ಗಲಿಲ್ಲ. ಇಂಥ ಗಂಟನ್ನು ಬಿಚ್ಚಲು ನಮ್ಮಲ್ಲಿ ಒಂದೇ ಹತಾರ, ಹಲ್ಲು. ಕಚ್ಚಿ ಎಳೆದೆ. ಬಿಚ್ಚಿತು. ಬಾಯಿಗೆ ಏನೋ ಸಣ್ಣದು ಬಂತು. ಜೋಳದ ನುಚ್ಚಿರಬೇಕೆಂದು ಕಿಟಕಿಯಿಂದ ಹೊರಗೆ ಉಗುಳಿದೆ. ಒಳಗೆ ಎರಡು ಕಾರ್ಡುಗಳಿದ್ದವು. ಅಥವಾ ಒಂದರೊಳಗೊಂದು. ಉಗುರಿನಷ್ಟು ಮರಿ ಕಾರ್ಡು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ, ಎರಡು ಬೆರಳಗಲದ ಕರಿಯ ತಾಯಿ ಕಾರ್ಡು, ಅಂದರೆ ಅಡಾಪ್ಟರು. ನನ್ನ ಕಾರ್ಡ್ ರೀಡರು ಹಳೆಯದು. ಅದಕ್ಕೆ ತಾಯಿ ಹಿಡಿಸುವ ಬಾಯಿ ಮಾತ್ರ ಇದೆ. ನನ್ನ ಫೋನು ದುಬಾರಿಯದು, ಆದ್ದರಿಂದ ಅದಕ್ಕೆ ಕಾರ್ಡಿನ ಬಾಯೇ ಇಲ್ಲ.

ತಾಯಿಮರಿಯನ್ನು ಒಟ್ಟಿಗೆ ರೀಡರಿಗೆ ತೂರಿಸಿದೆ. ತೆರೆದುಕೊಂಡಿತು. ಒಳಗೆ ಹಳೆಯ ಭಜನೆಗಳು, ಕಿವಿ ತುಂಬುವಷ್ಟು. ಅವನ್ನು ಅಳಿಸಿ ಪಾಠ ಹಾಕಬೇಕು. ಅಳಿಸು ಎಂದೆ. ಕಂಪ್ಯೂಟರು ವಿನಯದಿಂದ ಹೇಳಿತು: ಈ ಡಿಸ್ಕಿಗೆ ಬರೆಯದಂತೆ ರಕ್ಷಣೆ ಇದೆ, ರಕ್ಷಣೆಯನ್ನು ತೆಗೆಯಿರಿ ಇಲ್ಲವೇ ಬೇರೆ ಡಿಸ್ಕನ್ನು ಬಳಸಿರಿ. ಓದಬಹುದು, ಕೇಳಬಹುದು, ಬರೆಯುವಂತಿಲ್ಲ, ಅಳಿಸುವಂತಿಲ್ಲ. ನಮ್ಮ ಅಪ್ಪ ಅಕ್ಕನಿಗೆ ಮಾಡಿದ ಏರ್ಪಾಟೇ ಇದು. ಯಾರಿಂದ ರಕ್ಷಣೆ, ಯಾಕೆ ರಕ್ಷಣೆ, ಅದನ್ನು ಮಾತ್ರ ಕಂಪ್ಯೂಟರು ಹೇಳಲಿಲ್ಲ. ಅಪ್ಪನೂ ಹೇಳಿರಲಿಲ್ಲ.

ಮುಂದಿನ ಮೂರು ತಾಸು ನಾನು ಮಾಡಿದ್ದನ್ನು ಓದಿದವರು ಯಾರಿಗೂ ಹೇಳಬಾರದು. ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದೆ. ರೀಡರನ್ನು ಎಡದ ತೂತಿನಿಂದ ಬಲದ ತೂತಿಗೆ, ಬಲದಿಂದ ಎಡಕ್ಕೆ ಬದಲಿಸಿದೆ. ಕಾರ್ಡಿನ ಮೇಲೆ ಉಫ್ ಎಂದು ಊದಿದೆ, ಶರ್ಟಿಗೆ ತಿಕ್ಕಿದೆ. ಫೋನಿನ ವಿಡಿಯೊದಲ್ಲಿ ಒಬ್ಬ ಮಹಾಶಯ “ದೋಸ್ತೋಂ” ಎಂದು ಸುರು ಮಾಡಿ ಕಂಪ್ಯೂಟರಿನಲ್ಲಿ ಕರಿಯ ಕಿಟಕಿಯೊಂದನ್ನು ತೆರೆಯಲು ಹೇಳಿದ. ತೆರೆದು ಅವನು ಹೇಳಿದ್ದನ್ನೆಲ್ಲ ಬಡಿದೆ. ರಕ್ಷಣೆ ಯಶಸ್ವಿಯಾಗಿ ತೆಗೆಯಲಾಗಿದೆ ಎಂದು ಕಂಪ್ಯೂಟರು ಹೇಳಿತು. ಹಿಗ್ಗಿನಿಂದ ಅಳಿಸಲು ಹೋದರೆ ರಕ್ಷಣೆ ಇದೆ ಎಂದು ಅದೇ ಕಂಪ್ಯೂಟರು ಹೇಳಿತು. ಸರಕಾರಿ ಕಚೇರಿಗೆ ಅಲೆದವರಿಗೆ ಇದು ಹೊಸದಲ್ಲ. ಕೊನೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಗೂಡಿನಲ್ಲಿದ್ದ ವಿಭೂತಿ ತೆಗೆದು ರೀಡರಿನ ಹಣೆಗೆ ಮೂರು ಗೆರೆ ಎಳೆದೆ. ನಮ್ಮ ಮನೆಯವರು ಬಸವಣ್ಣನ ಹಾದಿಯವರು. ಹಣೆಬರಹ, ಗ್ರಹಗತಿ ಒಂದನ್ನೂ ನಂಬಬಾರದು. ಆದರೆ ಬಸವಣ್ಣನವರಿಗೆ ಕಾರ್ಡ್ ರೀಡರ್ ಗೊತ್ತಿರಲಿಲ್ಲ.

ಸೋತು ಬಸ್ ಸ್ಟ್ಯಾಂಡಿನ ಹತ್ತಿರದ ಮಹಬೂಬನ ಅಂಗಡಿಗೆ ಹೋದೆ. ಫೋನು, ರೇಡಿಯೊ, ಟಾರ್ಚು ಎಲ್ಲ ರಿಪೇರಿ ಮಾಡುವವನು. ಕಾರ್ಡನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ನನ್ನ ಮುಖ ನೋಡಿದ.

“ಸರ, ಇಲ್ಲಿ ಮಗ್ಗಲಿಗೆ ಒಂದು ಬಿಳಿ ಗುಂಡಿ ಇರ್ತದ. ಅಕ್ಕಿಕಾಳಿನಷ್ಟು. ಮ್ಯಾಲ ಸರಿಸಿದ್ರ ಖುಲ್ಲಾ, ತೆಳಗ ಸರಿಸಿದ್ರ ಬಂದ್. ಗುಂಡೀನ ಇಲ್ಲಂದ್ರ ರೀಡರ್ ಬಂದ್ ಅಂತ ತಿಳ್ಕೊಂತದ. ಗುಂಡಿ ಎಲ್ಲದರಿ?”

ಅಕ್ಕಿಕಾಳಿನಷ್ಟು. ಬಿಳಿ. ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಹಲ್ಲಿನ ಸಂದಿಗೆ ಹೋಗಿ ಹುಡುಕಿ ಬಂತು.

“ಉಗುಳಿದೆ” ಎಂದೆ.

“ಕ್ಯಾ?”

ಗಂಟಿನ ಕಥೆ ಹೇಳಬೇಕಾಯಿತು. ಮಹಬೂಬ ನಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿ, ಭುಜ ಕುಣಿಸಿದ. ತಿರುಗಿ ಬಂದಾಗ ಕಣ್ಣಲ್ಲಿ ನೀರಿತ್ತು. “ಮಾಫ್ ಮಾಡ್ರಿ ಸರ. ಇಪ್ಪತ್ತು ವರ್ಷದಾಗ ನಾಯಿ ಕಡದ ಫೋನ್ ಬಂದಾವ, ಮಾಲಕ ಕಡದ ಕಾರ್ಡ್ ಇದ ಮೊದಲ.” ಹೊಸ ತಾಯಿ ಕಾರ್ಡು ಕೇಳಿದೆ. ಮುಗಿದಿದ್ದವು, ಮಂಗಳವಾರ ಬರುತ್ತವೆ ಎಂದ. “ಪಾಠ ಪೆನ್‌ಡ್ರೈವಿನಾಗ ತರ್ರಿ, ನಾನ ತುಂಬಿಕೊಡ್ತೇನಿ” ಎಂದೂ ಹೇಳಿದ. ಹೂಂ ಎನ್ನಬಹುದಿತ್ತು. ಎನ್ನಲಿಲ್ಲ. ಅಕ್ಕ ಹೇಳಿದ ಒಂದೇ ಒಂದು ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ, ಮಾಡಿದೆ ಎಂದು ಹೇಳುವುದು ನನ್ನಿಂದ ಆಗುವುದಿಲ್ಲ.

“ಗುಂಡಿ ಇದ್ದ ಜಾಗ ಮುಚ್ಚಿದ್ರ ಸಾಕಲ್ಲ? ಟೇಪ್ ಹಚ್ಚಲಾ?”

“ಟೇಪ್ ಬ್ಯಾಡ್ರಿ. ಈ ಸೆಕಿಗೆ ಅಂಟು ಇಳದು ರೀಡರ್ ಒಳಗ ಕುಂದರ್ತದ. ಟಿಕಳಿ ಹಚ್ರಿ. ಹೆಣ್ಮಕ್ಕಳು ಹಣಿಗಿ ಹಚ್ತಾರಲ್ಲ, ಮಖಮಲ್ಲಿನದು, ಸಣ್ಣದು. ಅಳತಿ ಮಾಡಿಸಿದಂಗ ಕುಂದರ್ತದ. ಮನ್ಯಾಗ ಕನ್ನಡಿಗಿ ಅಂಟಿಸಿರ್ತಾರಲ್ರಿ, ಒಂದು ಕಿತ್ತಿ ಹಚ್ರಿ, ಮುಗೀತು.”

ನಾನು ಅವನ ಕೈಯಿಂದ ಕಾರ್ಡನ್ನು ಇಸಿದುಕೊಂಡೆ. ನನ್ನ ಮನೆಯ ಕನ್ನಡಿ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಅಫಜಲಪುರದಲ್ಲಿ ಅಕ್ಕನ ಕನ್ನಡಿ ನೋಡಬೇಕು, ಅಂಚಿನ ಸುತ್ತ ಕೆಂಪು ಚುಕ್ಕೆಗಳ ಸಾಲೇ ಇರುತ್ತದೆ. ಮುಖ ನೋಡಿಕೊಳ್ಳಲು ಹೋದವರಿಗೆ ನಡುವೆ ಬೊಗಸೆಯಷ್ಟು ಜಾಗ ಸಿಗುತ್ತದೆ. ನನಗೆ ಮೂಲೆಯಿಂದ ಮೂಲೆಯವರೆಗೂ ನನ್ನ ಮುಖವೇ.

ಮಹಬೂಬನಿಗೆ ಹೊಳೆಯಿತು. “ಅಚ್ಛಾ… ಹೌದಲ್ಲ” ಎಂದು ತಲೆ ಕೆರೆದುಕೊಂಡ. “ನಮ್ಮ ಮನ್ಯಾಗರ ಅದರ ರಿವಾಜ್ ಇಲ್ರಿ, ಇದ್ದಿದ್ರ ಈಗ ತಂದ ಕೊಡ್ತಿದ್ದೆ. ಖರೀದಿ ಮಾಡ್ರಿ ಸರ. ಅದರಾಗೇನದ?”

ಅದರಾಗೇನದ ಎಂದು ಸಂಸಾರಸ್ಥ ಕೇಳಬಹುದು. ಮೊದಲು ಕಾಶಿಬಾಯಿಯವರನ್ನು ಕೇಳೋಣವೆಂದುಕೊಂಡೆ. ದಾರಿಯಲ್ಲಿ ಮಾತನ್ನು ಬಾಯಿಪಾಠ ಮಾಡಿದೆ: ‘ಅಕ್ಕಾರ, ನಿಮ್ಮದೊಂದು ಟಿಕಳಿ ಕೊಡ್ರಿ.’ ಮುತ್ತೈದೆಯ ಹಣೆಯ ಮೇಲಿನದನ್ನು ಬೇಡುವುದೆಂದರೇನು? ಅವರ ಗಂಡ ಮಿಲಿಟರಿಯಿಂದ ನಿವೃತ್ತರಾದವರು. ಅವರ ಮನೆ ದಾಟಿ ಸೀದಾ ಬಳೆ ಅಂಗಡಿಗೆ ಹೋದೆ. ಅಂಗಡಿಯಲ್ಲಿದ್ದದ್ದು ಮಾತಿನಲ್ಲಿ ಯಾರಿಗೂ ಸೋಲದ ಒಬ್ಬ ಹೆಂಗಸು. ನಾನು ಅಂಗಡಿಯೊಳಗಿನ ಒಬ್ಬನೇ ಗಂಡಸು. ಬೆವೆತು, ತಗ್ಗಿದ ದನಿಯಲ್ಲಿ ಟಿಕಳಿ ಎಂದೆ.

“ಎಂಥಾವು ಬೇಕ್ರಿ? ಮಾರಿ ದುಂಡಗದನೋ, ಉದ್ದಗದನೋ?”

ಕಾರ್ಡಿಗೆ ಎಂದು ಆಗಲೇ ಹೇಳಬೇಕಿತ್ತು. ನಾಲ್ಕು ಜನ ಹೆಣ್ಣುಮಕ್ಕಳು ಕಿವಿ ನಿಮಿರಿಸಿ ನಿಂತಿದ್ದರು. ಹೇಳಲು ಬಾಯಿ ಬರಲಿಲ್ಲ, ಸುಳ್ಳಾಡಲೂ ಬರಲಿಲ್ಲ.

“ಉದ್ದಗ” ಎಂದೆ. “ಒಂದು ಮೂಲಿ… ಸ್ವಲ್ಪ ಕತ್ತರಿಸಿದಂಗ ಅದ.”

“ಅಯ್ಯ ಪಾಪ. ಬಣ್ಣ?”

“ಕಪ್ಪು.”

“ಕಪ್ಪಿದ್ರೇನಾತು ಬಿಡ್ರಿ, ಕಪ್ಪಿಗಿ ಮೆರೂನ್ ಒಪ್ಪತದ. ಹೊಸದಾಗಿ ಬಂದಾಳೇನು?”

“ಇವತ್ತ ಮುಂಜಾನಿ. ಅಫಜಲಪುರದ ಬಸ್ಸಿಗಿ.”

“ಸ್ವಭಾವ ಹೆಂಗದ?”

ಆ ಹೊತ್ತಿಗೆ ನನಗೂ ಮೂರು ತಾಸಿನ ಸಿಟ್ಟು ಉಳಿದಿತ್ತು. “ಹಳೇದೆಲ್ಲಾ ಎದಿಯಾಗ ಇಟ್ಕೊಂಡು ಕೂತಾಳ” ಎಂದೆ. “ನಾ ಏನು ಹೇಳಿದ್ರೂ ಒಳಗ ತಗೊಳ್ಳಂಗಿಲ್ಲ.”

ಬಳೆಯಾಕೆ ನಿಟ್ಟುಸಿರುಬಿಟ್ಟಳು. “ನಮ್ಮ ಮನಿಯವನೂ ಹಂಗ ನೋಡ್ರಿ, ಟಿಕಳಿ ಹಚ್ಚಂಗಿಲ್ಲ ಅಷ್ಟ ಫರಕು. ಒತ್ತಾಯ ಮಾಡಬ್ಯಾಡ್ರಿ ಸರ, ಸಮಾಧಾನ ತಗೊಂಡು ಹಚ್ರಿ” ಎಂದು, ಹನ್ನೆರಡು ಮೆರೂನ್ ಟಿಕಳಿಯ ಒಂದು ಹಾಳೆ ಕೊಟ್ಟಳು. ಹಿಂದೆ ನಿಂತಿದ್ದ ಹೆಣ್ಣುಮಕ್ಕಳು ದಾರಿ ಬಿಟ್ಟರು. ಇಷ್ಟು ಮರ್ಯಾದೆಯಿಂದ ಜೇವರ್ಗಿಯಲ್ಲಿ ನನಗೆ ಯಾರೂ ದಾರಿ ಬಿಟ್ಟಿರಲಿಲ್ಲ.

ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಕಾರ್ಡನ್ನು ಒರೆಸಿ ಅಂಗೈಯಲ್ಲಿಟ್ಟುಕೊಂಡೆ. ಟಿಕಳಿಯನ್ನು ಉಗುರಿನಿಂದ ಎಬ್ಬಿಸಿ, ಗುಂಡಿ ಇದ್ದ ಬದಿಯ ತಗ್ಗಿನ ಮೇಲೆ ಅಂಚು ಮಡಿಸಿ ಅಂಟಿಸಿದೆ. ಒಂದು ಟಿಕಳಿ ಹಚ್ಚುವುದಕ್ಕೆ ಮೂರು ಸಲ ಕಿತ್ತು ನೆಟ್ಟಗೆ ಮಾಡಿದೆ. ರೀಡರಿಗೆ ತೂರಿಸಿ ‘ಅಳಿಸು’ ಎಂದೆ. ಅಳಿಸಿತು! ಭಜನೆಗಳು ಒಂದೊಂದಾಗಿ ಹೋದವು, ಪಾಠಗಳು ಒಂದೊಂದಾಗಿ ಬಂದವು. ಎಷ್ಟು ಗಟ್ಟಿಯಾಗಿ “ಬಂತು ನೋಡು!” ಎಂದು ಕೂಗಿದೆನೆಂದರೆ, ಕೂಗಿದ ಮೇಲೆ ಯಾರಿಗೆ ಹೇಳಿದೆ ಎಂದು ಸುತ್ತ ನೋಡಿದೆ.

ಕೇಳುವವರು ಕೆಳಗಿದ್ದರು. ಅರ್ಧ ತಾಸಿನಲ್ಲಿ ಕಾಶಿಬಾಯಿ ಡಬ್ಬಿ ಹಿಡಿದು ಮೇಲೆ ಬಂದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಬಳೆ ಅಂಗಡಿಯ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. “ಇಬ್ಬರಿಗಾಗೂವಷ್ಟು ಇಟ್ಟೇನ್ರಿ” ಎಂದು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. “ನಾಚಿಗೊಂಡಾರೇನು? ಇರ್ಲಿ ಬಿಡ್ರಿ, ಹೊಸಾದಾಗ ಹಂಗ. ನಿಮ್ಮ ಅಕ್ಕಾರಿಗಿ ಹೇಳೀರಿಲ್ಲೋ?” ಅಂಥದ್ದೇನೂ ಇಲ್ಲ, ಅದು ಕಾರ್ಡು ಎಂದು ಹೇಳಬೇಕಿತ್ತು. ಹೇಳುವೆ, ಈಗ ಹೇಳುವೆ ಎನ್ನುತ್ತ ಡಬ್ಬಿ ಇಸಿದುಕೊಂಡೆ. ಡಬ್ಬಿ ಬಿಸಿಯಾಗಿತ್ತು. ಅವರು ಇಳಿದು ಹೋದರು. ಎರಡನೆಯವರ ಪಾಲನ್ನೂ ನಾನೇ ಉಂಡೆ. ಹೊಟ್ಟೆ ತುಂಬಿತು, ಅಷ್ಟೇ ಹೊತ್ತು ಮನೆಯೂ ತುಂಬಿದಂತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆಯುವುದಕ್ಕಿಂತ ಇದು ವಾಸಿ.

ಭಾನುವಾರದ ಬಸ್ಸಿಗೆ ಕಾರ್ಡನ್ನು ಕಾಗದದಲ್ಲಿಟ್ಟು, ಗಂಟು ಹಾಕದೆ, ಅದೇ ಕಂಡಕ್ಟರ ಕೈಯಲ್ಲಿ ಕಳಿಸಿದೆ. ಸಂಜೆ ಅಕ್ಕನ ಫೋನು ಬಂತು. ಕಾಶಿಬಾಯಿಯವರ ಬಳಿ ಅವಳ ನಂಬರಿದೆ ಎಂಬುದನ್ನು ನಾನು ಮರೆತಿದ್ದೆ.

“ಯಾರೋ ಆಕಿ? ನನಗೊಂದು ಮಾತು ಹೇಳಲಿಲ್ಲಲ್ಲೋ! ಕಪ್ಪಿದ್ರೂ ಇರ್ಲಿ, ಹೆಂಗಿದ್ರೂ ಇರ್ಲಿ, ನನಗ ನಡೀತದ ತಮ್ಮಾ. ಹೆಸರೇನು?”

ಕೆಳಗಿನವರಿಗೆ ಹೇಳದೆ ಇರಬಹುದು. ಅಕ್ಕನಿಗೆ ಹೇಳಬೇಕಾಯಿತು. ಗಂಟು, ಹಲ್ಲು, ಗುಂಡಿ, ಟಿಕಳಿ, ಎಲ್ಲ ಹೇಳಿದೆ. ಆ ಕಡೆಯಿಂದ ಬರೀ ಬಿಕ್ಕಿದ ಸದ್ದು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಅಥವಾ ಎರಡೂ ಇದ್ದಿರಬೇಕು, ಫೋನಿನಲ್ಲಿ ಎರಡೂ ಒಂದೇ ತರಹ ಕೇಳುತ್ತವೆ.

“ಕಾರ್ಡಿನ ಹಣಿಗಿ ಟಿಕಳಿ ಹಚ್ಚೀದಿ” ಎಂದಳು. “ಒಂದು ಹೆಣ್ಣಿನ ಹಣಿಗಿ ಹಚ್ಚು ಅಂತ ಇಪ್ಪತ್ತು ವರ್ಷ ಹೇಳೇನಿ. ಹೋಗ್ಲಿ ಬಿಡು. ಡಬ್ಬಿ ಮಾತಾಡಾಕತ್ತದ. ನಿನ್ನ ದನೀನ ಅದ. ನಾಳಿ ಸುರು ಮಾಡ್ತೇನಿ.”

ಸೋಮವಾರ ಅವಳು ಸುರು ಮಾಡಿದಳು. ಹೇಗೆ ನಡೆದಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಪರೀಕ್ಷೆ ಮಾಡಿದಂತಾದೀತು. ಅವಳೂ ಹೇಳಲಿಲ್ಲ. ಒಂದು ವಾರ ಹೋಯಿತು, ಎರಡು ಹೋದವು. ಬಿಟ್ಟಿರಬೇಕು, ರೊಟ್ಟಿಯ ನಡುವೆ ಯಾರಿಗೆ ಪುರುಸೊತ್ತು, ಡಬ್ಬಿಯಲ್ಲಿ ಮತ್ತೆ ಭಜನೆ ಹಾಕಿಸಿಕೊಂಡಿರಬೇಕು ಎಂದುಕೊಳ್ಳತೊಡಗಿದೆ. ಮನೆಯಲ್ಲಿ ಓದುವುದೂ ನಿಂತಿತ್ತು, ಕಾಶಿಬಾಯಿಯವರಿಗೆ ಮೇಲಿನಿಂದ ಮಾತು ಕೇಳುವುದೂ ನಿಂತಿತ್ತು. “ತವರಿಗಿ ಹೋದರೇನ್ರಿ?” ಎಂದು ಒಮ್ಮೆ ಮೆಲ್ಲಗೆ ಕೇಳಿದರು. “ಹೌದ್ರಿ, ಅಫಜಲಪುರಕ್ಕ” ಎಂದೆ. ಸುಳ್ಳಲ್ಲ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಅಕ್ಕನ ಫೋನು.

“ತಮ್ಮಾ, ಒಂದು ಮಾತು ಹೇಳ್ತೇನಿ. ಸಿಟ್ಟಿಗೇಳಬ್ಯಾಡ.”

“ಏನು?”

“ನೀ ಓದೂಮುಂದ ಒಂದು ಸಾಲು ಬಿಟ್ಟೀದಿ.”

ಸಾಧ್ಯವೇ ಇಲ್ಲ ಎಂದೆ. ಕನ್ನಡ ಎಂ.ಎ. ಮಾಡಿದವನು ಐದನೆಯತ್ತೆಯ ಪುಸ್ತಕದಲ್ಲಿ ಸಾಲು ಬಿಡುತ್ತಾನೆಯೇ, ಅವಳೇ ಎರಡು ಹಾಳೆ ಒಟ್ಟಿಗೆ ತಿರುವಿರಬೇಕು ಎಂದೆ.

“ಹಾಳಿ ತಿರುವಿಲ್ಲೋ. ನಿನ್ನ ದನಿ ಮುಂದ ಹೋತು, ನನ್ನ ಬೊಟ್ಟು ಹಿಂದ ಉಳೀತು. ಮೊದಲ ನಾನೂ ಹಂಗ ತಿಳಕೊಂಡೆ, ನಾನ ತಪ್ಪೇನಿ ಅಂತ. ಡಬ್ಬಿ ಹಿಂದಕ ಹಾಕಿ ನಾಕು ಸರತಿ ಕೇಳಿದೆ. ನಾ ತಪ್ಪಿಲ್ಲ. ನೀನ ತಪ್ಪೀದಿ.”

ನನ್ನ ಪ್ರತಿಯನ್ನು ಮೇಜಿನಿಂದ ಎತ್ತಿಕೊಂಡೆ. ಆಮೇಲೆ, “ಕಾರ್ಡು ಬಸ್ಸಿಗಿ ಕೊಟ್ಟು ಕಳಸು. ಸರಿಯಾಗಿ ಓದಿ ಹಾಕಿಕೊಡ್ತೇನಿ” ಎಂದೆ.

“ಯಾಕ? ಬ್ಯಾಡ. ಆ ಸಾಲು ನಾನ ಓದಿಕೊಂಡೇನಿ.”

“ಒತ್ತಕ್ಷರ ಇದ್ವೇನು?”

“ಎರಡಿದ್ವು. ದಾಟಿದೆ.”

ಎಷ್ಟು ಸಾದಾ ಹೇಳಿದಳೆಂದರೆ, ಹಳ್ಳ ದಾಟಿದೆ ಎಂದ ಹಾಗೆ. ನಾನು ಕಿಟಕಿಯ ಬಳಿ ಹೋಗಿ ನಿಂತುಕೊಂಡೆ. ನನ್ನ ಕಣ್ಣಿಗೆ ಏನಾಯಿತು ಎಂಬುದು ಈ ಪ್ರಬಂಧದ ವಿಷಯವಲ್ಲ.

“ಯಾವ ಸಾಲು ಅಕ್ಕಾ? ಎಷ್ಟನೇ ಪಾಠ?”

“ಹುಡುಕು” ಎಂದಳು. “ಓದಿದಾವ ಅದಿ ಅಲ್ಲ.” ಹಿಂದಿನಿಂದ ಮಾವ ರೊಟ್ಟಿ ರೊಟ್ಟಿ ಎಂದು ಕೂಗುತ್ತಿದ್ದರು. ಫೋನಿಟ್ಟಳು.

ಅಂದಿನಿಂದ ಭಾನುವಾರ ಮಧ್ಯಾಹ್ನ ನನಗೆ ಕೆಲಸವಿದೆ. ಲ್ಯಾಪ್‌ಟಾಪಿನಲ್ಲಿ ನನ್ನದೇ ದನಿಯನ್ನು ಹಚ್ಚಿ, ಮಡಿಲಲ್ಲಿ ಐದನೆಯತ್ತೆಯ ಪುಸ್ತಕ ತೆರೆದು, ಸಾಲಿನಡಿ ಬೊಟ್ಟಿಟ್ಟು ಕೂರುತ್ತೇನೆ. ಕೋಣೆಯಲ್ಲಿ ಇಬ್ಬರಿದ್ದಂತೆ ಇರುತ್ತದೆ. ಇಬ್ಬರೂ ನಾನೇ, ಅದೊಂದು ಬೇಸರ. ಆ ಮನುಷ್ಯನ ಓದು ಇಷ್ಟು ನೀರಸವೆಂದು ಗೊತ್ತಿರಲಿಲ್ಲ. ಎಂಟನೆಯ ಪಾಠದವರೆಗೆ ಬಂದಿದ್ದೇನೆ. ಒಂದೆರಡು ಸಲ ದನಿ ಮುಂದೆ ಹೋಗಿ ಬೊಟ್ಟು ಹಿಂದೆ ಉಳಿಯಿತು. ಸಿಕ್ಕಿತು ಎಂದು ಹಿಗ್ಗಿ, ಹಿಂದಕ್ಕೆ ಹಾಕಿ ಕೇಳಿದರೆ ಸಾಲು ಅಲ್ಲಿಯೇ ಇತ್ತು. ನಡುವೆ ನಿದ್ದೆ ಹೋದವನು ನಾನು.